ಕೂಸಿಲ್ಲದ ಗೋದಲಿ

ಡಿಸೆಂಬರ್ 7ರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಕಳ್ಳತನದ ದೂರೊಂದು ಬಂದು ಬಿತ್ತು. ಲಾಬಿಯಲ್ಲಿ ಜೋಡಿಸಿಟ್ಟ ಕ್ರಿಸ್ಮಸ್ ಬೊಂಬೆಗಳಲ್ಲಿ ಮಗು ಮಾತ್ರ ಕಾಣುತ್ತಿಲ್ಲ, ಯಾರೋ ಎತ್ತಿಕೊಂಡು ಹೋಗಿದ್ದಾರೆ, ಕೂಡಲೇ ಸಿಸಿಟಿವಿ ನೋಡಿ ಎಂದು. ಹತ್ತು ನಿಮಿಷದಲ್ಲಿ ದೂರಿಗೆ ಕೈಕಾಲು ಮೂಡಿದವು. ಮಕ್ಕಳಿಲ್ಲದ ಮನೆಯವರು ಮಕ್ಕಳ ಮೇಲೆ ಸಂಶಯಪಟ್ಟರು. ಮಕ್ಕಳಿದ್ದವರು ಪೇಪರ್ ಹಾಕುವ ಹುಡುಗನ ಮೇಲೆ. ಒಬ್ಬರು ಕೋತಿಯ ಹೆಸರೆತ್ತಿದರು. ನಮ್ಮ ಬಡಾವಣೆಯಲ್ಲಿ ಏನೇ ಕಳೆದರೂ ಕೊನೆಗೆ ಹೊಣೆ ಹೊರುವುದು ಆ ಒಂದು ಕೋತಿಯೇ.

ಬೊಂಬೆಗಳನ್ನು ಜೋಡಿಸಿದವನು ನಾನು. ಮಗುವನ್ನು ಇಡದೆ ಬಿಟ್ಟವನೂ ನಾನೇ. ಅದು ನನ್ನ ಬೀರುವಿನಲ್ಲಿ, ಬನಿಯನ್ನುಗಳ ಅಡಿಯಲ್ಲಿ, ಹತ್ತಿಯ ಸುತ್ತಿನೊಳಗೆ ಸುಖವಾಗಿ ಮಲಗಿತ್ತು. ಬ್ಯಾಂಕಿನಿಂದ ನಿವೃತ್ತನಾದ ಮಂಗಳೂರು ಕಡೆಯವನೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಪುಕ್ಕಟೆ ಸಿಕ್ಕಿದ ಗುಮಾಸ್ತ. ಸಾಲದ್ದಕ್ಕೆ ನಲವತ್ತೆಂಟು ಮನೆಗಳಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಗಣಪತಿ ಹಬ್ಬದ ಚಂದಾ ಲೆಕ್ಕ ಬರೆದವನು ಕ್ರಿಸ್ಮಸ್ಸಿಗೆ ಕೈಕಟ್ಟಿ ಕೂತರೆ ಆದೀತೆ? ‘ನಿಮ್ಮ ಹಬ್ಬ ಅಲ್ವಾ ಸಾರ್, ನೀವೇ ನಿಂತು ಮಾಡಿಸಿ’ ಎಂದು ಸಂಘದ ಕಾರ್ಯದರ್ಶಿಗಳು ನನಗೆ ಲಾಬಿಯ ಒಂದು ಮೂಲೆಯನ್ನೂ ಎಕ್ಸ್‌ಟೆನ್ಷನ್ ಬಾಕ್ಸೊಂದನ್ನೂ ವಹಿಸಿಕೊಟ್ಟಿದ್ದರು.

ಗುಂಪಿನಲ್ಲಿ ಉತ್ತರ ಬರೆದೆ: ‘ಯಾರೂ ಕದ್ದಿಲ್ಲ. ಮಗು ಇನ್ನೂ ಹುಟ್ಟಿಲ್ಲ.’ ನಾಲ್ಕು ನಗುಮುಖ ಬಂದವು. ಪೂರ್ತಿ ಓದದ ಯಾರೋ ಒಬ್ಬರು ‘ಕಂಗ್ರಾಟ್ಸ್’ ಎಂದರು.

ಸಂಜೆ ಲಿಫ್ಟಿನ ಮುಂದೆ ಕಾರ್ಯದರ್ಶಿಗಳು ಹಿಡಿದುಕೊಂಡರು. ಸಾಫ್ಟ್‌ವೇರಿನ ಹುಡುಗ, ಒಳ್ಳೆಯವನು, ಹದಿನಾಲ್ಕನೆಯ ತಾರೀಖಿಗೆ ‘ಕ್ರಿಸ್ಮಸ್ ಸೆಲೆಬ್ರೇಷನ್’ ಇಟ್ಟುಕೊಂಡಿದ್ದ. ಇಪ್ಪತ್ತೈದಕ್ಕೆ ಎಲ್ಲರೂ ಊರು ಬಿಟ್ಟಿರುತ್ತಾರಂತೆ. ಮಗುವನ್ನು 24ರ ನಡುರಾತ್ರಿಯ ತನಕ ಇಡುವ ಪದ್ಧತಿಯಿಲ್ಲ, ಇದು ಅಡ್ವೆಂಟ್ ಎಂದೆ. ‘ಅಡ್ವಾನ್ಸ್ ಅಂದ್ರೆ ಮೊದಲೇ ತಾನೇ ಸಾರ್ ಇಡೋದು?’ ಎಂದ. ಅಡ್ವಾನ್ಸ್ ಅಲ್ಲಪ್ಪ, ಅಡ್ವೆಂಟ್ ಎಂದು ತಿದ್ದಿದೆ. ಮನೆಗೆ ಬಂದು ಯೋಚಿಸಿದರೆ ತಪ್ಪಿದ್ದು ನಾನೇ ಅನ್ನಿಸಿತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಎಣಿಸಿ ಕೊಟ್ಟು ಮನೆ ಹೊಕ್ಕವರ ಊರು ಇದು. ನವೆಂಬರಿನಲ್ಲೇ ಮಾಲುಗಳಲ್ಲಿ ಮೂರು ಮಹಡಿ ಎತ್ತರದ ಮರ ಎದ್ದಿರುತ್ತದೆ. ಡಿಸೆಂಬರ್ ಹತ್ತಕ್ಕೆಲ್ಲ ‘ಹ್ಯಾಪಿ ಕ್ರಿಸ್ಮಸ್ ಇನ್ ಅಡ್ವಾನ್ಸ್’ ಬರತೊಡಗುತ್ತದೆ. ಅಡ್ವೆಂಟ್ ಹೋಗಿ ಅಡ್ವಾನ್ಸ್ ಬಂದು ಎಷ್ಟು ಕಾಲವಾಯಿತೋ.

ಅಡ್ವೆಂಟಿಗೆ ನಮ್ಮ ಇಗರ್ಜಿಯ ಕನ್ನಡದಲ್ಲಿ ಆಗಮನ ಕಾಲ ಎನ್ನುತ್ತೇವೆ. ಲ್ಯಾಟಿನ್ನಿನ ‘ಅದ್ವೆಂತುಸ್’ ಎಂದರೂ ಅದೇ, ಬರುವಿಕೆ. ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರಕ್ಕೆ ಶುರು. ಇಗರ್ಜಿಯ ಹೊಸ ವರ್ಷವೂ ಅಂದೇ. ನಾಲ್ಕು ಭಾನುವಾರ. ಪಾದ್ರಿಗಳ ಮೇಲುವಸ್ತ್ರ ನೇರಳೆಗೆ ತಿರುಗುತ್ತದೆ. ಮೂರನೆಯ ಭಾನುವಾರ ಮಾತ್ರ, ಸಾಕಷ್ಟು ಕಾದಿರಿ, ಇನ್ನು ಹತ್ತಿರ ಬಂತು ಎಂಬಂತೆ ಗುಲಾಬಿ. ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ. ಬೆತ್ಲೆಹೇಮಿನಲ್ಲಿ ದೇವದೂತರು ಹಾಡಿದ್ದೆಂದು ಬೈಬಲು ಹೇಳುವ ಹಾಡಿನಿಂದಲೇ ಅದು ಶುರುವಾಗುವುದು, ಆದ್ದರಿಂದ ಅವರು ಬಂದು ಹಾಡುವ ತನಕ ನಮಗೆ ಹಕ್ಕಿಲ್ಲ. ಚಿಕ್ಕವನಿದ್ದಾಗ ನನಗೆ ಪೂಜೆಯ ಆ ಜಾಗ ಹಲ್ಲು ಬಿದ್ದ ಸಂದಿಯಂತೆ ತೋರುತ್ತಿತ್ತು. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ನಮ್ಮೂರು ಬಂಟ್ವಾಳದ ಹತ್ತಿರ, ನೇತ್ರಾವತಿಯ ಬದಿಯಲ್ಲಿ. ಮನೆಯೊಳಗೆ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕ್ರಿಸ್ಮಸ್ಸಿಗೆ ನಾವು ನತಾಲಾಂ ಎನ್ನುತ್ತಿದ್ದೆವು, ಪೋರ್ಚುಗೀಸರು ಬಿಟ್ಟುಹೋದ ಶಬ್ದ. ಹಬ್ಬಕ್ಕೆ ಹದಿನೈದು ದಿನ ಮೊದಲು ಅಮ್ಮ, ನಮ್ಮ ಮಾಂಯ್, ಒಡೆದ ತಟ್ಟೆ, ತೆಂಗಿನ ಗೆರಟೆ, ತುಕ್ಕು ಹಿಡಿದ ಮುಚ್ಚಳಗಳಲ್ಲಿ ಮಣ್ಣು ತುಂಬಿ ರಾಗಿ, ಭತ್ತ ಬಿತ್ತುತ್ತಿದ್ದಳು. ಗೋದಲಿಯ ಬದಿಗೆ ಹಸಿರು ಗದ್ದೆ ಬೇಕಲ್ಲ, ಅದಕ್ಕೆ. ಒಂದು ದಿನ ಹಿಂದುಮುಂದಾದರೂ ಕೆಟ್ಟಿತು. ಬೇಗ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಹಳದಿಯಾಗಿ ಬಾಗುತ್ತದೆ, ತಡವಾದರೆ ಮೊಳಕೆಯಲ್ಲೇ ನಿಲ್ಲುತ್ತದೆ. ದಿನಾ ಬೆಳಿಗ್ಗೆ ನಾವು ಹಲ್ಲುಜ್ಜುವ ಮೊದಲು ಹೋಗಿ ಗೆರಟೆಯೊಳಗೆ ಇಣುಕುತ್ತಿದ್ದೆವು. ಇವತ್ತು ನನ್ನ ಕೈಯಲ್ಲಿರುವ ಫೋನಿನಲ್ಲಿ ಪಾರ್ಸೆಲ್ಲು ಎಲ್ಲಿಯ ತನಕ ಬಂತೆಂದು ಚುಕ್ಕಿಯೊಂದು ಚಲಿಸುತ್ತ ತೋರಿಸುತ್ತದೆ. ಅದನ್ನು ನೋಡುವಾಗಲೂ ನಾನು ಇಣುಕುತ್ತೇನೆ. ಆದರೆ ಗೆರಟೆಯ ಮುಂದೆ ಕೂತ ಆ ಹುಡುಗನಿಗೆ ಸಿಟ್ಟು ಬರುತ್ತಿರಲಿಲ್ಲ.

ಅಟ್ಟದ ಮೇಲೆ ಡಾಲ್ಡಾ ಡಬ್ಬಗಳು. ಅವುಗಳೊಳಗೆ ಹಬ್ಬದ ತಿಂಡಿ, ಕುಸ್ವಾರ್: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ. ಕಿಡಿಯೊ ಎಂದರೆ ಹುಳ. ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನಿಗೊತ್ತಿ ಸುರುಳಿ ಸುತ್ತಿದರೆ ಅದು ನಿಜಕ್ಕೂ ಹುಳದಂತೆ ಕಾಣುತ್ತದೆ. ಅಂಥ ಹೆಸರಿಟ್ಟೂ ಅದನ್ನು ಬಾಯಲ್ಲಿ ನೀರೂರಿಸಿಕೊಂಡು ತಿನ್ನುವ ಜನ ನಾವು. ರಾತ್ರಿ ಮಾಡುವಾಗ ಮಕ್ಕಳೆಲ್ಲ ಸುತ್ತ ಕೂತು ಸುತ್ತಬೇಕು, ತಿನ್ನುವ ಹಾಗಿಲ್ಲ. ಮುರಿದದ್ದು ಮಾತ್ರ ತಿನ್ನಬಹುದು. ಆದ್ದರಿಂದ ನಮ್ಮ ಮನೆಯಲ್ಲಿ ಬಹಳಷ್ಟು ಮುರಿಯುತ್ತಿತ್ತು. ಈಗ ಕುಸ್ವಾರ್ ಮಂಗಳೂರಿನಿಂದ ಕೊರಿಯರಿನಲ್ಲಿ ಬರುತ್ತದೆ, ನವೆಂಬರ್ ಮುಗಿಯುವ ಮೊದಲೇ. ಹೋದ ವರ್ಷ ಹತ್ತನೆಯ ತಾರೀಖಿಗೆ ಪೆಟ್ಟಿಗೆಯ ತಳ ಕಂಡಿತು, ತಿಂದವನು ನಾನು. ಮಾಲಿನ ಮರವನ್ನು ಬಯ್ಯುವ ಬಾಯಿಯ ಮೂಲೆಯಲ್ಲಿ ನೆವ್ರಿಯ ಪುಡಿ ಇತ್ತು ಎನ್ನುವುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಗೋದಲಿಯ ಹುಲ್ಲಿಗೂ ಒಂದು ಲೆಕ್ಕವಿತ್ತು. ಧರ್ಮಪಾಠದ ಸಿಸ್ಟರು ಹೇಳಿಕೊಟ್ಟಿದ್ದರು: ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಎಳೆ ಬೈಹುಲ್ಲು ಗೋದಲಿಯಲ್ಲಿ ಇಡಬಹುದು, ಬಾಲಯೇಸುವಿನ ಹಾಸಿಗೆ ಅಷ್ಟು ಮೆತ್ತಗಾಗುತ್ತದೆ. ನನ್ನ ತಮ್ಮ ಮೊದಲನೆಯ ದಿನವೇ ಒಂದು ಹಿಡಿ ತುರುಕಿಬಿಟ್ಟ. ಇಷ್ಟು ಒಳ್ಳೆಯ ಕೆಲಸ ಯಾವಾಗ ಮಾಡಿದೆ ಎಂದು ಕೇಳಿದರೆ, ‘ಇನ್ನು ಮಾಡುತ್ತೇನೆ’ ಎಂದ. ಅಡ್ವಾನ್ಸ್ ಎಂಬುದನ್ನು ನಮ್ಮ ಮನೆಯಲ್ಲಿ ಕಂಡುಹಿಡಿದವನು ಅವನೇ.

ಹಬ್ಬದ ತಯಾರಿ ಇಷ್ಟು ಸಿಹಿಯಾಗಿದ್ದರೂ ಇಗರ್ಜಿಯೊಳಗೆ ಕಾಲಿಟ್ಟರೆ ಬೇರೆಯೇ ಹವೆ. ಆಗಮನದ ಮೊದಲ ಭಾನುವಾರ ಯಾರಾದರೂ ಕ್ರಿಸ್ಮಸ್ಸಿನ ಹುಮ್ಮಸ್ಸಿನಲ್ಲಿ ಪೂಜೆಗೆ ಬಂದರೆ ಬೆಚ್ಚಿಬೀಳಬೇಕು. ಅವತ್ತು ಓದುವುದು ಲೋಕದ ಕೊನೆಯ ಬಗ್ಗೆ. ಎಚ್ಚರವಾಗಿರಿ, ಯಾವ ಗಳಿಗೆಯಲ್ಲಿ ಬರುತ್ತಾನೋ ತಿಳಿಯದು ಎಂಬುದೇ ವರ್ಷವರ್ಷದ ಪಲ್ಲವಿ. ಮೂರು ವರ್ಷಕ್ಕೊಮ್ಮೆ ಸುತ್ತಿ ಬರುವ ಮತ್ತಾಯನ ಪಾಠವಂತೂ ಅವನ ಬರುವಿಕೆಯನ್ನು ರಾತ್ರಿ ಮನೆಗೆ ಕನ್ನ ಹಾಕುವ ಕಳ್ಳನಿಗೇ ಹೋಲಿಸುತ್ತದೆ. ನಮ್ಮ ವಾಟ್ಸ್ಯಾಪ್ ಗುಂಪಿನವರು ಕಳ್ಳನನ್ನು ಹುಡುಕಿದ್ದು ಅಷ್ಟೇನೂ ದಾರಿ ತಪ್ಪಿದ ಹುಡುಕಾಟವಲ್ಲ. ಅದೇ ಹೊತ್ತಿಗೆ ಹೊರಗೆ ಅಂಗಡಿಯಲ್ಲಿ ‘ಜಿಂಗಲ್ ಬೆಲ್ಸ್’. 1857ರಲ್ಲಿ ಅಮೆರಿಕದಲ್ಲಿ ಅಚ್ಚಾದ ಆ ಹಾಡಿನಲ್ಲಿ ಯೇಸುವೂ ಇಲ್ಲ, ಕ್ರಿಸ್ಮಸ್ಸೂ ಇಲ್ಲ. ಒಂಟಿ ಕುದುರೆಯ ಹಿಮಗಾಡಿಯಲ್ಲಿ ಸುತ್ತುವ ಪಡ್ಡೆ ಹುಡುಗರ ಮೋಜು ಅದು. ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ ಕಂಡ ನಾವು ಅದಕ್ಕೆ ತಲೆದೂಗುತ್ತೇವೆ.

ಎರಡನೆಯ ಭಾನುವಾರ ಸ್ನಾನಿಕ ಯೊವಾನ್ನ ಬರುತ್ತಾನೆ, ಒಂಟೆಕೂದಲಿನ ಬಟ್ಟೆ ತೊಟ್ಟು, ಮಿಡತೆ ತಿಂದುಕೊಂಡು. ಪ್ರಭುವಿಗೆ ದಾರಿ ಸಿದ್ಧಮಾಡಿ ಎನ್ನುತ್ತಾನೆ. ಹಳ್ಳಗಳನ್ನು ತುಂಬಿಸಬೇಕು, ಗುಡ್ಡಗಳನ್ನು ತಗ್ಗಿಸಬೇಕು ಎಂಬ ಯೆಶಾಯ ಪ್ರವಾದಿಯ ಮಾತಿನ ಎಳೆ ಅದು. ಇದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಯೇ ಇಲ್ಲ. ದೊಡ್ಡವರು ಬರುವ ಹಿಂದಿನ ರಾತ್ರಿ ಯಾವ ರಸ್ತೆಗೆ ಡಾಂಬರು ಬೀಳುತ್ತದೆ, ಯಾವ ಗುಂಡಿ ಹಾಗೇ ಉಳಿಯುತ್ತದೆ ಎನ್ನುವುದನ್ನು ಕಂಡ ನಮಗೆ ಪ್ರವಾದಿಯ ಭಾಷೆ ಚೆನ್ನಾಗಿ ಹಿಡಿಸುತ್ತದೆ. ವ್ಯತ್ಯಾಸವಿಷ್ಟೆ: ಇಲ್ಲಿ ಬರುವವನು ಡಾಂಬರು ಹಾಕಿದ ರಸ್ತೆಯಲ್ಲೇ ಬರುತ್ತಾನೆಂಬ ಭರವಸೆ ಇಲ್ಲ.

ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡ್ ಮೂರು ಬರುವಿಕೆಗಳ ಬಗ್ಗೆ ಹೇಳಿದ್ದಾನೆ. ಒಂದು ಆಗಿಹೋದದ್ದು, ಬೆತ್ಲೆಹೇಮಿನಲ್ಲಿ. ಒಂದು ಆಗಬೇಕಾದದ್ದು, ಕಾಲದ ತುದಿಯಲ್ಲಿ. ಇವೆರಡೂ ಕಣ್ಣಿಗೆ ಕಾಣುವಂಥವು. ಮೂರನೆಯದು ಇವೆರಡರ ನಡುವೆ, ಸದ್ದಿಲ್ಲದ್ದು, ದಿನವೂ ಆಗುವಂಥದ್ದು, ಒಳಗೆ. ಪೇಟೆಯ ಕೈಗೆ ಸಿಗುವುದು ಮೊದಲನೆಯದೊಂದೇ, ಅದಕ್ಕೊಂದು ತಾರೀಖಿದೆ. ತಾರೀಖು ಇದ್ದದ್ದನ್ನು ಮಾರಬಹುದು. ಆ ತಾರೀಖೂ ಬೈಬಲಿನಲ್ಲಿಲ್ಲ, ರೋಮಿನವರು ನಾಲ್ಕನೆಯ ಶತಮಾನದಲ್ಲಿ ಗೊತ್ತುಮಾಡಿಕೊಂಡದ್ದು ಎನ್ನುವುದನ್ನು ನನ್ನ ಅಳಿಯ ಪ್ರತಿ ಡಿಸೆಂಬರಿನಲ್ಲೂ ಹೊಸ ಸುದ್ದಿಯೆಂಬಂತೆ ಹೇಳುತ್ತಾನೆ. ಹೌದಪ್ಪ ಎನ್ನುತ್ತೇನೆ. ಬಂದ ದಿನ ಯಾವುದೆಂದು ಗುರುತಿಟ್ಟುಕೊಳ್ಳದಿದ್ದವರು ಕಾಯುವುದನ್ನು ಮಾತ್ರ ಬಿಡಲಿಲ್ಲವಲ್ಲ, ನನಗೆ ಅದೇ ಸೋಜಿಗ.

ಕಾಯುವ ಮಕ್ಕಳ ಕಾಟವನ್ನು ಒಬ್ಬ ಜರ್ಮನ್ ಪಾದ್ರಿ ಬಹಳ ಚೆನ್ನಾಗಿ ನಿಭಾಯಿಸಿದ. ಯೊಹಾನ್ ಹಿನ್ರಿಶ್ ವಿಖರ್ನ್ ಎಂದು ಹೆಸರು; ಹಾಂಬುರ್ಗಿನಲ್ಲಿ ಬಡಮಕ್ಕಳಿಗೆ ಆಶ್ರಯ ಮನೆ ನಡೆಸುತ್ತಿದ್ದ. ಕ್ರಿಸ್ಮಸ್ ಯಾವಾಗ, ಕ್ರಿಸ್ಮಸ್ ಯಾವಾಗ ಎಂದು ಮಕ್ಕಳು ಪೀಡಿಸಿದಾಗ, 1839ರಲ್ಲಿ, ಹಳೆಯ ಗಾಡಿಯ ಚಕ್ರವೊಂದನ್ನು ತೂಗುಹಾಕಿ ಅದರ ಸುತ್ತ ಮೇಣದಬತ್ತಿ ನಿಲ್ಲಿಸಿದ: ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹೆಚ್ಚುತ್ತ ಹೋಗುವ ಬೆಳಕು. ಇಂದು ಇಗರ್ಜಿಗಳಲ್ಲಿ ಕಾಣುವ ನಾಲ್ಕು ಬತ್ತಿಯ ಹಸಿರು ಬಳೆ ಆ ಗಾಡಿಚಕ್ರದ ಮೊಮ್ಮಗು. ಪ್ರೊಟೆಸ್ಟಂಟರದ್ದನ್ನು ನಾವು ಕಥೋಲಿಕರು ಸದ್ದಿಲ್ಲದೆ ಎತ್ತಿಕೊಂಡೆವು. ಒಳ್ಳೆಯ ಕಳ್ಳತನ.

ಗೋದಲಿಯ ಕಥೆ ಇನ್ನೂ ಹಳೆಯದು. 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬ ಗುಡ್ಡದೂರಿನಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ನತಾಲದ ರಾತ್ರಿ ಒಂದು ಗೋದಲಿ ತರಿಸಿದ, ಹುಲ್ಲು ಹಾಕಿಸಿದ, ಎತ್ತೊಂದನ್ನೂ ಕತ್ತೆಯೊಂದನ್ನೂ ನಿಲ್ಲಿಸಿದ, ಪಂಜು ಹಿಡಿದು ಬಂದ ಊರವರ ಮುಂದೆ ಆ ಗೋದಲಿಯ ಮೇಲೆಯೇ ಪೂಜೆ ನಡೆಸಿದರು. ಬೊಂಬೆ ಇರಲಿಲ್ಲ. ಲೋಕದ ಗೋದಲಿಗಳಿಗೆಲ್ಲ ಮಾದರಿಯಾದ ಆ ಗೋದಲಿ ಖಾಲಿಯಾಗಿತ್ತು! ಅಲ್ಲಿದ್ದ ಒಬ್ಬನಿಗೆ ಮಾತ್ರ ಅದರಲ್ಲಿ ಉಸಿರಿಲ್ಲದಂತೆ ಮಲಗಿದ ಮಗುವೊಂದು ಕಂಡಿತಂತೆ, ಫ್ರಾನ್ಸಿಸ್ ಹತ್ತಿರ ಹೋಗಿ ಅದನ್ನು ಎಬ್ಬಿಸಿದನಂತೆ. ಫ್ರಾನ್ಸಿಸನ ಚರಿತ್ರೆಯನ್ನು ಮೊದಲು ಬರೆದ ಚೆಲಾನೋದ ತೊಮ್ಮಾಸೊ ಹಾಗೆ ದಾಖಲಿಸಿದ್ದಾನೆ. ಇದನ್ನು ನಾನು ಗುಂಪಿನಲ್ಲಿ ಬರೆದೆ. ಯಾರೂ ಓದಲಿಲ್ಲ. ನೀರಿನ ಟ್ಯಾಂಕರ್ ಬಂತೆಂದು ಅದೇ ಹೊತ್ತಿಗೆ ಇನ್ನೊಂದು ಮೆಸೇಜು ಬಿದ್ದಿತ್ತು.

ಹನ್ನೆರಡನೆಯ ತಾರೀಖು ಕಾರ್ಯದರ್ಶಿ ತಾನೇ ಒಂದು ಮಗು ಕೊಂಡುತಂದ. ಆನ್‌ಲೈನಿನಲ್ಲಿ ಅಳತೆ ನೋಡಿಕೊಂಡಿರಲಿಲ್ಲ. ಮಂಡಿಯೂರಿದ ಮರಿಯಮ್ಮನವರಿಗಿಂತ ದೊಡ್ಡದು, ಗುಂಡುಗುಂಡಾಗಿ, ಕೆನ್ನೆ ಕೆಂಪಗೆ, ತಟ್ಟಿದರೆ ಟೊಳ್ಳು ಸದ್ದು ಬರುವ ಪ್ಲಾಸ್ಟಿಕ್ಕು. ಜೋಸೆಫರು ಅದನ್ನು ನೋಡುತ್ತಿದ್ದ ಭಂಗಿ ಮೊದಲಿನದೇ ಆದರೂ ಈಗ ಅದರಲ್ಲಿ ಸ್ವಲ್ಪ ಗಾಬರಿ ಸೇರಿದ ಹಾಗಿತ್ತು. ‘ಹತ್ತು ನಿಮಿಷದಲ್ಲಿ ಡೆಲಿವರಿ ಆಯ್ತು ಸಾರ್’ ಎಂದ ಕಾರ್ಯದರ್ಶಿ, ಯಾವ ಶ್ಲೇಷೆಯ ಅರಿವೂ ಇಲ್ಲದೆ. ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಡೆಲಿವರಿ ಎಂದರೆ ಹೆರಿಗೆಯೊಂದೇ. ಮಾರ್ಚ್ 25ಕ್ಕೆ ದೇವದೂತನ ಸಂದೇಶದ ಹಬ್ಬ, ಡಿಸೆಂಬರ್ 25ಕ್ಕೆ ಜನನದ ಹಬ್ಬ. ಇಗರ್ಜಿಯ ಪಂಚಾಂಗ ನಡುವೆ ಸರಿಯಾಗಿ ಒಂಬತ್ತು ತಿಂಗಳು ಬಿಟ್ಟಿದೆ. ದೇವರಿಗೂ ರಿಯಾಯಿತಿ ಇಲ್ಲ.

ಆ ರಾತ್ರಿ ಗೋದಲಿಯ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ ಗೇಟಿನ ಕಾವಲಿನವರು ಬಂದರು. ಯಾದಗಿರಿ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಎಲ್ಲರೂ ‘ಸೆಕ್ಯುರಿಟಿ’ ಎಂದು ಕೂಗುತ್ತಾರೆ, ನಾನು ಕಾಕಾ ಎನ್ನುತ್ತೇನೆ.

‘ಸಾಹೇಬ್ರ, ಇದಕ್ಕ ಏನಂತೀರಿ ನೀವು?’

‘ಗೋದಲಿ, ಕಾಕಾ.’

‘ಗ್ವಾದಲಿ?’ ಕಾಕಾ ಬಗ್ಗಿ ನೋಡಿದರು. ‘ಇದು ಗ್ವಾದಲಿ ಅಲ್ರಿ. ಇದು ತೊಟ್ಲಾ. ಗ್ವಾದಲ್ಯಾಗ ದನ ಬಾಯಿ ಹಾಕಬೇಕ್ರಿ. ನಿಮ್ಮ ಎತ್ತು ಅಲ್ಲಿ ಐತಿ, ಗ್ವಾದಲಿ ಇಲ್ಲಿ ಐತಿ. ಅದು ಮೇಯೋದು ಹ್ಯಾಂಗ?’

ಅರವತ್ತು ವರ್ಷ ಗೋದಲಿ ಕಟ್ಟಿದವನಿಗೆ ಇದು ಹೊಳೆದಿರಲಿಲ್ಲ. ಇಂಗ್ಲಿಷಿನ ಕ್ರಿಬ್ ಎಂಬ ಮಾತಿನಿಂದ ದನದ ವಾಸನೆ ಹೋಗಿ ಯಾವ ಕಾಲವಾಯಿತೋ. ಈಗ ಅದು ಮಕ್ಕಳ ಮಂಚ. ಕನ್ನಡ ಬೈಬಲಿನವರು ಗೋದಲಿ ಎಂಬ ಹಟ್ಟಿಯ ಶಬ್ದವನ್ನೇ ಹಿಡಿದರು, ನಾವು ಅದನ್ನೂ ತೊಳೆದು ಥಳಥಳ ಮಾಡಿ ಅಂಗಡಿಯಲ್ಲಿಟ್ಟೆವು. ಲೂಕ ಬರೆದದ್ದು ಎಷ್ಟು ಒರಟು! ತಂಗುವಲ್ಲಿ ಜಾಗವಿಲ್ಲ, ಹೆತ್ತ ಕೂಸನ್ನು ದನ ತಿನ್ನುವ ಕಡೆ ಮಲಗಿಸಿದಳು. ಎತ್ತು ಕತ್ತೆಗಳ ಹೆಸರನ್ನು ಅವನು ಹೇಳುವುದಿಲ್ಲ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಧಣಿಯ ಗೋದಲಿಯನ್ನೂ ಬಲ್ಲವು, ನನ್ನ ಜನ ಬಲ್ಲರೇ ಎಂದು ಯೆಶಾಯ ಕೊರಗಿದ್ದನಲ್ಲ, ಅಲ್ಲಿಂದ ಅವು ನಡೆದು ಬಂದವು. ಬೆತ್ಲೆಹೇಮ್ ಎಂದರೆ ಹೀಬ್ರೂವಿನಲ್ಲಿ ರೊಟ್ಟಿಯ ಮನೆ. ರೊಟ್ಟಿಯ ಮನೆಯಲ್ಲಿ, ತಿನ್ನುವ ತಟ್ಟೆಯಲ್ಲಿ, ಮುಂದೊಂದು ದಿನ ತನ್ನನ್ನೇ ರೊಟ್ಟಿಯೆಂದು ಮುರಿದು ಕೊಡುವವನು. ನಮ್ಮ ಪೂಜೆಯ ಅರ್ಥವೆಲ್ಲ ಆ ಹುಲ್ಲಿನ ತೊಟ್ಟಿಯಲ್ಲೇ ಇದೆ, ಎತ್ತಿನ ಬಾಯಿಗೆ ಎಟಕುವಂತೆ. ಕಾಕಾ ಒಂದು ಥರ್ಮೋಕೋಲ್ ತುಂಡು ಕೊಟ್ಟರು. ಗೋದಲಿಯನ್ನು ಎತ್ತರಿಸಿ ಎತ್ತಿನ ಮುಂದಕ್ಕೆ ಸರಿಸಿದೆವು.

‘ಈ ಕೂಸು?’ ಎಂದೆ, ಪ್ಲಾಸ್ಟಿಕ್ಕಿನದನ್ನು ತೋರಿಸಿ. ‘ಸೆಲೆಬ್ರೇಷನ್ ಮುಗಿಯೋ ತನಕ ಇರ್ಲಿ ಬಿಡ್ರಿ, ಹುಡುಗ ರೊಕ್ಕ ಕೊಟ್ಟಾನ. ಆಮ್ಯಾಲ ನನ್ನ ಡ್ರಾದಾಗ ಇಡ್ತೀನಿ. ಇಪ್ಪತ್ನಾಕರ ತನಕ ನಾ ಕಾಯ್ತೀನಿ. ಕಾಯೋದ ನಮ್ಮ ಕಸಬ ಐತ್ರಿ.’

ಕಾಯುವುದು. ಕನ್ನಡದಲ್ಲಿ ಬಸ್ಸಿಗೂ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ, ಹಂಡೆಯಲ್ಲಿ ನೀರೂ ಕಾಯುತ್ತದೆ. ಲೂಕನ ಕಥೆಯಲ್ಲಿ ಸುದ್ದಿ ಮೊದಲು ಮುಟ್ಟುವುದು ಅರಮನೆಗಲ್ಲ, ದೇವಾಲಯಕ್ಕೂ ಅಲ್ಲ, ರಾತ್ರಿಪಾಳಿಯಲ್ಲಿ ಕುರಿ ಕಾಯುತ್ತಿದ್ದವರಿಗೆ. ಅವರೇನೂ ರಕ್ಷಕನಿಗೆಂದು ಕಾದು ಕೂತವರಲ್ಲ, ತೋಳ ಬಾರದಿರಲಿ ಎಂದು ಕಾದವರು. ಆದರೂ ಎಚ್ಚರವಿದ್ದವರು ಅವರು ಮಾತ್ರ. ಇಂಗ್ಲಿಷಿನವರು ಕಾವಲಿಗೊಂದು, ನಿರೀಕ್ಷೆಗೊಂದು ಎಂದು ಎರಡು ಮಾತು ಬಳಸುತ್ತಾರೆ. ನಮಗೆ ಒಂದೇ ಸಾಕು.

ಡಿಸೆಂಬರ್ 16ರಿಂದ ನೊವೆನಾ, ಒಂಬತ್ತು ದಿನದ ಪ್ರಾರ್ಥನೆ. ನಮ್ಮ ಇಗರ್ಜಿಯಲ್ಲಿ ಬೆಳಗಿನ ಪೂಜೆ ಆರಕ್ಕೆ. ನಾನು ಐದೂವರೆಗೆ ಲಿಫ್ಟಿಗೆ ಬಂದರೆ ಒಂದನೆಯ ಮಹಡಿಯ ಅಜ್ಜಿ ಆಗಲೇ ದೇವಸ್ಥಾನದಿಂದ ಹಿಂದಿರುಗುತ್ತಿರುತ್ತಾರೆ, ಕೈಯಲ್ಲಿ ಬಿಸಿ ಹುಗ್ಗಿಯ ದೊನ್ನೆ. ಧನುರ್ಮಾಸ ಹಿಡಿಯುವುದೂ ಆ ಸುಮಾರಿಗೇ. ಅವರಿಗೂ ಈ ತಿಂಗಳು ಮದುವೆ ಮುಂಜಿ ಇಲ್ಲ, ಹಿಂದೆ ನಮಗೂ ಆಗಮನ ಕಾಲದಲ್ಲಿ ಇರುತ್ತಿರಲಿಲ್ಲ. ಫಿಲಿಪ್ಪೀನ್ಸಿನ ಕಥೋಲಿಕರು 16ರಿಂದ ಒಂಬತ್ತು ದಿನ ಕೋಳಿ ಕೂಗುವ ಮೊದಲೇ ಪೂಜೆಗೆ ಹೋಗುತ್ತಾರೆಂದು ಅಜ್ಜಿಗೆ ಹೇಳಿದೆ. ‘ನಕ್ಷತ್ರ ಇರುವಾಗಲೇ ಹೋಗ್ಬೇಕು. ಬೆಳಕಾದ ಮೇಲೆ ಹೋದ್ರೆ ಏನು ಬಂತು?’ ಎಂದರು. ಖಾಲಿ ಗೋದಲಿಯ ಬಗ್ಗೆ ನನ್ನನ್ನು ಏನೂ ಕೇಳದೆ ಬಿಟ್ಟವರು ಇಡೀ ಕಟ್ಟಡದಲ್ಲಿ ಅವರೊಬ್ಬರೇ.

ಇಷ್ಟೆಲ್ಲ ಹೇಳಿ, ನಮ್ಮ ಕಾಲದ ಕಾಯುವಿಕೆ ಪವಿತ್ರವಾಗಿತ್ತು ಎಂದು ನಾನು ನಂಬಿಸಿದರೆ ಸುಳ್ಳಾಗುತ್ತದೆ. ಅದರಲ್ಲಿ ಬಹುಪಾಲು ಬಡತನವೇ ಇತ್ತು. ಅಪ್ಪ ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದರು. ಕೊಂಕಣ ರೈಲು ಬಂದದ್ದು 1998ಕ್ಕೆ. ಅದಕ್ಕೂ ಮೊದಲು ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿ. 1975ರ ನತಾಲಕ್ಕೆ ಬರುತ್ತೇನೆಂದು ಇನ್‌ಲ್ಯಾಂಡ್ ಲೆಟರ್ ಬರೆದಿದ್ದರು. 24ರ ಸಂಜೆ ಮಾಂಯ್ ಹಂಡೆಯಲ್ಲಿ ನೀರು ಕಾಯಿಸಿ ನಮ್ಮನ್ನೆಲ್ಲ ಮೀಯಿಸಿದಳು, ಅಪ್ಪನಿಗೆಂದು ಒಂದು ಹಂಡೆ ಬೇರೆ ಉಳಿಸಿದಳು. ಕೊನೆಯ ಬಸ್ಸು ಹೋಯಿತು. ಅಪ್ಪನಿಲ್ಲದೆಯೇ ಟಾರ್ಚು ಹಿಡಿದು ನಡುರಾತ್ರಿಯ ಪೂಜೆಗೆ ಗದ್ದೆಯ ಹುಣಿಯ ಮೇಲೆ ನಡೆದೆವು. ಗ್ಲೋರಿಯಾ ಹಾಡುವಾಗ ಇಗರ್ಜಿಯ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿದವು, ಮಾಂಯ್ ಹಾಡಲಿಲ್ಲ.

ಅವರು ಬಂದದ್ದು 29ಕ್ಕೆ. ಡಬ್ಬ ಅಟ್ಟದಿಂದ ಇಳಿದದ್ದೂ ಅಂದೇ. ನಾಲ್ಕು ದಿನ ನೆರೆಮನೆಯವರು ತಂದುಕೊಟ್ಟ ಕುಸ್ವಾರ್ ತಿಂದು ಸುಮ್ಮನಿದ್ದೆವು, ನಮ್ಮದನ್ನು ಮುಟ್ಟುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಪ್ಪ ತಪ್ಪು ಮಾಡಿದವರಂತೆ ಬಾಗಿಲಲ್ಲಿ ನಿಂತು, ಹಬ್ಬ ಮುಗಿಯಿತಲ್ಲ ಎಂದರು. ಮರುದಿನ ಇಗರ್ಜಿಯ ಹೊರಗೆ ಸಿಕ್ಕ ಪಾದ್ರಿಗಳಿಗೆ ಮಾಂಯ್ ಅದನ್ನೇ ಹೇಳಿ ಕಣ್ಣೊರೆಸಿಕೊಂಡಾಗ ಅವರು, ಯಾರು ಹೇಳಿದ್ದು ಮುಗಿಯಿತೆಂದು, ಕೂಸನ್ನು ಕಾಣಲು ಹೊರಟ ಮೂರು ರಾಯರು ಇನ್ನೂ ದಾರಿಯಲ್ಲಿದ್ದಾರೆ, ನಿನ್ನ ಗಂಡ ಅವರಿಗಿಂತ ಮೊದಲೇ ಬಂದನಲ್ಲ ಎಂದರಂತೆ. ಇಗರ್ಜಿಯ ಲೆಕ್ಕದಲ್ಲಿ 25 ಹಬ್ಬದ ಮೊದಲ ದಿನ. ಅಲ್ಲಿಂದ ಜನವರಿ 6ರ ಮೂರು ರಾಯರ ಹಬ್ಬದ ತನಕ ಹನ್ನೆರಡು ದಿನ. ಜಗತ್ತು ಕಾಯಬೇಕಾದಾಗ ಉಂಡು, ಉಣ್ಣಬೇಕಾದಾಗ ಎಲೆ ಎತ್ತುತ್ತದೆ.

ಈ ಸಲ 24ರ ರಾತ್ರಿ ಇಗರ್ಜಿಗೆ ಹೊರಡುವಾಗ ಬೀರುವಿನ ಮಗುವನ್ನು ಕಾಕಾರ ಕೈಗೆ ಕೊಟ್ಟೆ. ಮಾಂಯ್ ಕಾಲದ ಮಣ್ಣಿನ ಬೊಂಬೆ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಮೂಗಿನ ತುದಿ ಮುಕ್ಕಾಗಿದೆ. ಹನ್ನೆರಡಾದ ಮೇಲೆ ಇಡಿ ಎಂದೆ. ಪೂಜೆಗೆ ಮೊದಲು ಜನನದ ಘೋಷಣೆ ಹಾಡಿದರು. ಆಬ್ರಹಾಮನಿಂದ ಇಷ್ಟು, ದಾವೀದನಿಂದ ಇಷ್ಟು, 194ನೆಯ ಒಲಿಂಪಿಯಾಡ್, ರೋಮ್ ಕಟ್ಟಿದ 752ನೆಯ ವರ್ಷ, ಅಗಸ್ಟಸನ ಆಳ್ವಿಕೆಯ 42ನೆಯ ವರ್ಷ ಎಂದು ಕಾಲವನ್ನು ಎಣಿಸಿಕೊಂಡು ಬರುತ್ತದೆ. ಪುರೋಹಿತರ ಸಂಕಲ್ಪದಂತೆಯೇ: ಶಾಲಿವಾಹನ ಶಕೆ, ಸಂವತ್ಸರ, ಮಾಸ, ಪಕ್ಷ, ತಿಥಿ. ಇಡೀ ಲೋಕದ ಕಾಲವನ್ನು ಹಿಂಡಿ ಹಿಂಡಿ ಒಂದು ರಾತ್ರಿಗೆ, ಒಂದು ಕೊಟ್ಟಿಗೆಗೆ ತಂದು ನಿಲ್ಲಿಸುವುದು.

ಒಂದೂವರೆಗೆ ಮನೆಗೆ ಬಂದೆ. ಕಾಕಾ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದರು. ಗೋದಲಿಯಲ್ಲಿ ಎರಡು ಕೂಸುಗಳಿದ್ದವು, ಪ್ಲಾಸ್ಟಿಕ್ಕಿನದು, ಅದರ ಕಂಕುಳಲ್ಲಿ ಮಣ್ಣಿನದು. ಹಾಗಾಗುತ್ತದೆಂದು ದೇವಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಬೆಳಿಗ್ಗೆ ಕೇಳಿದ್ದಕ್ಕೆ, ‘ಒಂದನ್ನ ಬ್ಯಾಡ ಅನ್ನಾಕ ಆಗ್ತದೇನ್ರಿ? ಥಂಡಿ ಭಾಳ ಇತ್ತು’ ಎಂದರು.

26ಕ್ಕೆ ಕಾರ್ಯದರ್ಶಿಯ ಮೆಸೇಜು: ಹೊಸ ವರ್ಷದ ಫೋಟೊ ಬೂತಿಗೆ ಲಾಬಿಯ ಮೂಲೆ ಬೇಕು, ಕ್ರಿಸ್ಮಸ್ ಮುಗಿಯಿತಲ್ಲ, ತೆಗೆಸಿಬಿಡಿ ಸಾರ್. ನಿನ್ನೆ ಶುರುವಾಯಿತಪ್ಪ ಎಂದೆ. ಮೂರು ರಾಯರನ್ನು ತೋರಿಸಲು ಅವನನ್ನು ಮೂರನೆಯ ಮಹಡಿಗೆ ಕರೆದುಕೊಂಡು ಹೋದೆ. ನಮ್ಮ ಮನೆಯ ಬಾಗಿಲಿನಿಂದ ಹೊರಟು, ಒಂಟೆಯ ಜೊತೆಗೆ, ಆಗಲೇ ಅರ್ಧ ಸಾಲು ಮೆಟ್ಟಿಲು ಇಳಿದಿದ್ದರು. ಮೂರು ಮಹಡಿಗೆ ಆರು ಸಾಲು, ದಿನಕ್ಕೆ ಅರ್ಧದಂತೆ ಹನ್ನೆರಡು ದಿನ. ಅವನು ಬೆರಳು ಮಡಿಚಿ ಎಣಿಸಿದ, ಸಾಫ್ಟ್‌ವೇರಿನವನಲ್ಲವೇ, ಲೆಕ್ಕ ಸರಿಹೋದದ್ದು ಅವನಿಗೆ ಹಿಡಿಸಿತು. ಗೋದಲಿ ಕಾಕಾರ ಮೇಜಿನ ಮೇಲಕ್ಕೆ, ವಿಸಿಟರ್ ರಿಜಿಸ್ಟರಿನ ಪಕ್ಕಕ್ಕೆ ಹೋಯಿತು.

31ರ ರಾತ್ರಿ ಕೆಳಗೆ ಡಿಜೆ ಬಾರಿಸುವಾಗ ರಾಯರು ಎರಡನೆಯ ಮಹಡಿಯಿಂದ ಇಳಿಯುವ ತಿರುವಿನಲ್ಲಿ, ಬೆಂಕಿ ಆರಿಸುವ ಸಿಲಿಂಡರಿನ ಕೆಳಗೆ ನಿಂತಿದ್ದರು. ಜನವರಿ ಎರಡಕ್ಕೆ ಬೆಳಿಗ್ಗೆ ಇಳಿಸಲು ಹೋದರೆ ಅವರು ಅಲ್ಲಿರಲಿಲ್ಲ. ಅವತ್ತಿನ ಮೆಟ್ಟಿಲುಗಳನ್ನು ಆಗಲೇ ಇಳಿದು, ಮೂವರೂ ಸಾಲಾಗಿ, ಒಂಟೆಯ ಮುಖ ಕೆಳಗಿನ ದಾರಿಗೆ ತಿರುಗಿಸಿಕೊಂಡು ನಿಂತಿದ್ದರು. ಒಂದನೆಯ ಮಹಡಿಯ ಅಜ್ಜಿಯ ಮೊಮ್ಮಗಳು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

‘ಅಂಕಲ್, ಇವತ್ತಿಂದು ಆಯ್ತು. ಇನ್ನು ಮುಟ್ಟಬೇಡಿ.’